ಫೋರ್ ಡಬ್ಲ್ಯೂ ಹಾಳೆ: ಆಶ್ಲೇಷ ಮಳೆಗೆ ಎಷ್ಟು ತಡೆಯುತ್ತದೆ?

ನೆರೆ ಬಂದಾಗ ಮಲೆನಾಡಿಗೆ ನೆರವಿನ ಕೈಗಳು ಕಡಿಮೆಯಾಗುವುದಿಲ್ಲ, ಎಲ್ಲ ಕೈಗಳೂ ಒಂದೇ ಕಡೆ ಚಾಚಿಕೊಂಡಿರುತ್ತವೆ. ಡಾಂಬರು ರಸ್ತೆ ಪಕ್ಕದ ಕಾಳಜಿ ಕೇಂದ್ರಕ್ಕೆ ಬೆಳಿಗ್ಗೆ ಸರ್ಕಾರಿ ತಂಡ, ಮಧ್ಯಾಹ್ನ ಒಂದು ಟ್ರಸ್ಟಿನವರು, ಸಂಜೆ ಕಾಲೇಜಿನ ಹುಡುಗರು. ಒಬ್ಬಳೇ ಅಜ್ಜಿಗೆ ಮೂರು ಸಲ ಬಿಪಿ, ಮೂರು ಪೊಟ್ಟಣ ಪ್ಯಾರಾಸಿಟಮಾಲ್. ಕಾಲುಸಂಕ ಕೊಚ್ಚಿಹೋದ ಆಚೆ ದಡದ ಏಳು ಮನೆಗಳ ಕಡೆ ಯಾರೂ ಇಲ್ಲ.

ಈ ಗೋಜಲನ್ನು ಬಿಡಿಸಲು ಜಗತ್ತಿನ ಪರಿಹಾರ ಸಂಸ್ಥೆಗಳು ಬಳಸುವ ಸಾಧನವೇ ಫೋರ್ ಡಬ್ಲ್ಯೂ ಹಾಳೆ. ಯಾರು, ಏನು, ಎಲ್ಲಿ, ಯಾವಾಗ ಎಂಬ ನಾಲ್ಕು ಪ್ರಶ್ನೆಗಳ ಒಂದು ಎಕ್ಸೆಲ್ ಪಟ್ಟಿ. ಈ ನಮೂನೆಗೆ ಬೆಲೆ ಇಲ್ಲ, ಲೈಸೆನ್ಸ್ ಇಲ್ಲ, ಹಳೆ ಲ್ಯಾಪ್‌ಟಾಪಿನಲ್ಲೂ ತೆರೆದುಕೊಳ್ಳುತ್ತದೆ. ಶಿವಮೊಗ್ಗ ಜಿಲ್ಲೆಯ ಮಳೆಗಾಲಕ್ಕೆ ಇದನ್ನು ಇದ್ದ ಹಾಗೇ ತಂದರೆ 5ಕ್ಕೆ 2 ಅಂಕ, ಕೆಳಗೆ ಹೇಳುವ ತಿದ್ದುಪಡಿ ಮಾಡಿಕೊಂಡರೆ 4. ಮಂಗನ ಕಾಯಿಲೆಗೆ ಮಾತ್ರ ಎಷ್ಟು ತಿದ್ದಿದರೂ 2 ದಾಟುವುದಿಲ್ಲ.

ಹಾಳೆಯ ಹಿನ್ನೆಲೆ ಚುಟುಕಾಗಿ. ವಿಶ್ವಸಂಸ್ಥೆಯ ಪರಿಹಾರ ವ್ಯವಸ್ಥೆಯಲ್ಲಿ 2005ರಲ್ಲಿ ಸುಧಾರಣೆ ಬಂತು. ಆರೋಗ್ಯ, ನೀರು, ವಸತಿ ಹೀಗೆ ಒಂದೊಂದು ವಿಷಯಕ್ಕೆ ಒಂದೊಂದು ಕ್ಲಸ್ಟರ್, ಅದಕ್ಕೊಂದು ಮುಂದಾಳು ಸಂಸ್ಥೆ ಎಂದಾಯಿತು. ಆರೋಗ್ಯದ ಕ್ಲಸ್ಟರ್ ವಿಶ್ವ ಆರೋಗ್ಯ ಸಂಸ್ಥೆಯ ಪಾಲಿಗೆ ಬಂತು. ಮೊದಲ ಪ್ರಯೋಗ ಅದೇ ವರ್ಷದ ಅಕ್ಟೋಬರಿನಲ್ಲಿ ಪಾಕಿಸ್ತಾನದ ಭೂಕಂಪದಲ್ಲಿ ನಡೆಯಿತು. ನಮ್ಮಲ್ಲಿ ಆ ಯಜಮಾನಿಕೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರದ್ದು. ಹಾಗಾಗಿ ಆರೋಗ್ಯದ ಹಾಳೆ ಇರಬೇಕಾದದ್ದು ಅದರ ಕೈಕೆಳಗೆ, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ. ಸ್ವಯಂಸೇವಾ ಸಂಸ್ಥೆಗಳು ತಮ್ಮದೇ ಇನ್ನೊಂದು ಹಾಳೆ ಹುಟ್ಟುಹಾಕಿದರೆ, ಗೋಜಲು ಬಿಡಿಸಲು ಬಂದ ಸಾಧನವೇ ಎರಡನೇ ಗೋಜಲಾಗುತ್ತದೆ.

ಮಾಮೂಲಿ ಹಾಳೆಯಲ್ಲಿ ಸಂಸ್ಥೆಯ ಹೆಸರು, ಸ್ಥಳದಲ್ಲಿ ಕೆಲಸ ಮಾಡುವವರ ಹೆಸರು, ಚಟುವಟಿಕೆ, ಸ್ಥಳ, ಫಲಾನುಭವಿಗಳ ಸಂಖ್ಯೆ, ಶುರುವಾದ ದಿನ, ಮುಗಿಯುವ ದಿನ, ಈಗಿನ ಸ್ಥಿತಿ ಇಷ್ಟು ಕಂಬಸಾಲುಗಳು (ಕಾಲಂ). ನೋಡಲು ಅಚ್ಚುಕಟ್ಟು. ತೊಂದರೆ ಶುರುವಾಗುವುದು ತುಂಬುವಾಗ.

ಮೊದಲ ಪೆಟ್ಟು ‘ಎಲ್ಲಿ’ ಎಂಬಲ್ಲಿ. ಬಯಲುಸೀಮೆಯಲ್ಲಿ ಊರು ಎಂದರೆ ಒಂದು ಕಡೆ ಕೂಡಿಕೊಂಡ ಮನೆಗಳು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಒಂದು ಕಂದಾಯ ಗ್ರಾಮ ಎಂದರೆ ಗುಡ್ಡದ ಈಚೆ ನಾಲ್ಕು ಮನೆ, ತೋಟದ ತಲೆಯಲ್ಲಿ ಎರಡು, ಹಳ್ಳದ ಆಚೆ ಒಂದು. ಗ್ರಾಮದ ಹೆಸರಿನ ಮುಂದೆ ‘ತಂಡ ಹೋಗಿದೆ’ ಎಂದು ಹಸಿರು ಬಣ್ಣ ಬಿದ್ದರೆ ತಂಡ ಶಾಲೆಯವರೆಗೆ ಹೋಗಿದೆ ಎಂದಷ್ಟೇ ಅರ್ಥ. ಆದ್ದರಿಂದ ಸಾಲು ಬರೆಯಬೇಕಾದದ್ದು ಮಜರೆಯ, ಅಂದರೆ ಗ್ರಾಮದೊಳಗಿನ ಪುಟ್ಟ ಕೇರಿಯ ಮಟ್ಟದಲ್ಲಿ. ಜೊತೆಗೆ ‘ಹೊಳೆಯ ಯಾವ ದಡ’ ಎಂಬ ಒಂದು ಕಂಬಸಾಲು ಇರಲಿ. ನಗೆ ಬರಬಹುದು, ಆದರೆ ಪುಷ್ಯ, ಆಶ್ಲೇಷ ಮಳೆಯಲ್ಲಿ ಇಷ್ಟು ಕೆಲಸಕ್ಕೆ ಬರುವ ಮಾಹಿತಿ ಬೇರೆ ಇಲ್ಲ. ಶರಾವತಿ ಹಿನ್ನೀರಿನ ಆಚೆಯ ತುಮರಿ ಸೀಮೆಗೆ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವ ತನಕ ಲಾಂಚ್ ಓಡಿದರಷ್ಟೇ ಆಂಬುಲೆನ್ಸ್ ದಾಟುತ್ತಿತ್ತು. ಸೇತುವೆ ಆಗದ ಹಳ್ಳಗಳು ಇನ್ನೂ ಎಷ್ಟೋ ಇವೆ.

ಹೆಸರಿನ ಗೊಂದಲವೂ ಇಲ್ಲಿಯದೇ. ಹೊಸೂರು, ಹೊಸಕೊಪ್ಪ, ಹೊಸಹಳ್ಳಿ ಎಂಬ ಊರುಗಳು ತಾಲೂಕಿಗೊಂದು ಸಿಗುತ್ತವೆ. ಇಂಗ್ಲಿಷಿನಲ್ಲಿ ತೀರ್ಥಹಳ್ಳಿಯನ್ನು ಬರೆಯುವ ಬಗೆಯೇ ಮೂರಿವೆ. ಶಿವಮೊಗ್ಗ ಎಂದು 2014ರಲ್ಲೇ ಅಧಿಕೃತವಾಗಿ ಬದಲಾದರೂ ಹಳೆಯ ಪಟ್ಟಿಗಳಲ್ಲಿ ಶಿಮೊಗ್ಗ ಉಳಿದಿದೆ. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಊರುಗಳು. ಪರಿಹಾರ ಸುಲಭ: ಹೆಸರನ್ನು ಟೈಪ್ ಮಾಡಲು ಬಿಡಬೇಡಿ. ಪಂಚಾಯಿತಿ ಮತ್ತು ಗ್ರಾಮಗಳನ್ನು ಊರೂರಿಗೂ ಸರ್ಕಾರ ಕೊಟ್ಟಿರುವ ಎಲ್‌ಜಿಡಿ ಕೋಡ್ ಸಂಖ್ಯೆ ಸಮೇತ ಡ್ರಾಪ್‌ಡೌನ್ ಪಟ್ಟಿಯಲ್ಲಿ ಹಾಕಿ, ಮಜರೆಗೆ ಮಾತ್ರ ಖಾಲಿ ಜಾಗ ಬಿಡಿ. ಈ ಕೆಲಸ ಮೇ ತಿಂಗಳಲ್ಲೇ ಮುಗಿದಿರಬೇಕು. ಮಳೆ ಹಿಡಿದ ಮೇಲೆ ಕೋಡ್ ಹುಡುಕುತ್ತಾ ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಎರಡನೆಯ ಪೆಟ್ಟು ‘ಏನು’ ಎಂಬಲ್ಲಿ, ಇದು ಇನ್ನೂ ಜೋರು. ‘ಆರೋಗ್ಯ ಶಿಬಿರ’ ಎಂದು ಬರೆದ ಸಾಲು ಏನನ್ನೂ ಹೇಳುವುದಿಲ್ಲ. ಫೋರ್ ಡಬ್ಲ್ಯೂ ಹಾಳೆ ತೋರಿಸುವುದು ಹಾಜರಿಯನ್ನು, ಸೇವೆಯನ್ನಲ್ಲ. ಅದರ ಮೂಲ ದೋಷವೇ ಇದು. ಶಿಬಿರ ಎಂಬ ಪದ ಕಿತ್ತುಹಾಕಿ, ಅದರ ಜಾಗದಲ್ಲಿ ಹೌದು–ಇಲ್ಲ ಎಂದೋ, ಹೆಸರು, ಸಂಖ್ಯೆಯಲ್ಲೋ ಉತ್ತರಿಸುವ ಪ್ರಶ್ನೆಗಳನ್ನು ಹಾಕಬೇಕು. ಹೆರಿಗೆ ಮಾಡಿಸಬಲ್ಲವರು ಇದ್ದಾರೆಯೇ? ಇನ್ಸುಲಿನ್ ಮತ್ತು ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡುವ ಪೆಟ್ಟಿಗೆ ಇದೆಯೇ? ಬಿಪಿ, ಸಕ್ಕರೆ ಕಾಯಿಲೆ, ಕ್ಷಯದ ಮಾತ್ರೆ ಮನೆಯಲ್ಲೇ ಬಿಟ್ಟು ಬಂದವರಿಗೆ ಬದಲಿ ಮಾತ್ರೆ ಇದೆಯೇ? ಡಯಾಲಿಸಿಸ್ ರೋಗಿಗಳ ಪಟ್ಟಿ ಯಾರ ಬಳಿ ಇದೆ? ಹಾವಿನ ವಿಷ ಇಳಿಸುವ ಇಂಜೆಕ್ಷನ್ ಎಷ್ಟು ವಯಲ್ (ಸಣ್ಣ ಬಾಟಲಿ) ಇದೆ?

ಕೊನೆಯ ಪ್ರಶ್ನೆಗೆ ‘ಇದೆ’ ಎಂಬ ಉತ್ತರ ಸಾಲದು, ಸಂಖ್ಯೆಯೇ ಬೇಕು. ವಿಷ ಏರಿದ ರೋಗಿಗೆ ಮೊದಲ ಸುತ್ತಿಗೇ 8ರಿಂದ 10 ವಯಲ್ ಹೋಗುತ್ತದೆ. ನಾಲ್ಕು ವಯಲ್ ಇಟ್ಟುಕೊಂಡ ತಂಡದ ಹತ್ತಿರ ಔಷಧ ಇಲ್ಲವೆಂದೇ ಲೆಕ್ಕ. ಪುಡಿ ರೂಪದ ವಯಲ್ ಫ್ರಿಜ್ ಇಲ್ಲದೆಯೂ ಬಾಳುತ್ತದೆ, ದ್ರವ ರೂಪದ್ದಕ್ಕೆ ಶೀತಲ ಪೆಟ್ಟಿಗೆ ಬೇಕು. ನಮ್ಮ ದೇಶದ ಈ ಔಷಧ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ. ಘಟ್ಟದ ತೋಟಗಳಲ್ಲಿ ಕಡಿಯುವ ಗುಳಿಮಂಡಲದ ಜಾತಿಗಳಿಗೆ ಅದು ನಾಟುವುದಿಲ್ಲ. ಅಂಥ ರೋಗಿಯನ್ನು ಮೇಲಿನ ಆಸ್ಪತ್ರೆಗೆ ಕಳಿಸಲೇಬೇಕು.

ಕಳಿಸುವುದು ಎಲ್ಲಿಗೆ? ಮಾಮೂಲಿ ಹಾಳೆಯಲ್ಲಿ ಈ ಪ್ರಶ್ನೆಯೇ ಇಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ, ಘಾಟಿ ಇಳಿದು ಮಣಿಪಾಲಕ್ಕೋ ಎಂಬುದು ಇಲ್ಲಿ ರೋಗದ ಮೇಲಲ್ಲ, ರಸ್ತೆಯ ಮೇಲೆ ನಿಂತಿದೆ. ಆಗುಂಬೆ ಅಥವಾ ಹುಲಿಕಲ್ ಘಾಟಿಯಲ್ಲಿ ಧರೆ ಕುಸಿದರೆ, ನಿನ್ನೆಯ ಹತ್ತಿರದ ಆಸ್ಪತ್ರೆ ಇವತ್ತು ದೂರದ್ದಾಗುತ್ತದೆ. ಹಾಗಾಗಿ ಪ್ರತಿ ಸಾಲಿಗೂ ಎರಡು ರೆಫರಲ್ ಜಾಗ ಇರಲಿ, ಒಂದು ಘಾಟಿ ತೆರೆದಾಗಿನದು, ಇನ್ನೊಂದು ಮುಚ್ಚಿದಾಗಿನದು. ಪಕ್ಕದಲ್ಲಿ ಜೀಪ್ ಕೊಡುವವರ ಫೋನ್ ಇರಲಿ. 108 ಬರುವ ತನಕ ರೋಗಿಯನ್ನು ಡಾಂಬರು ರಸ್ತೆಗೆ ಮುಟ್ಟಿಸುವುದು ಆ ಜೀಪೇ.

ಒಂದೇ ಕೆಲಸ ಎರಡು ಸಲ ಆದರೆ ದುಡ್ಡು ದಂಡ ಎಂದಷ್ಟೇ ತಿಳಿಯುವವರು ಇದ್ದಾರೆ. ಆರೋಗ್ಯವೂ ಕೆಡುತ್ತದೆ, ಬಾವಿಗೆ ಪುಡಿ ಹಾಕುವ ಲೆಕ್ಕ ನೋಡಿ. ಸಾವಿರ ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು 2.5 ಗ್ರಾಂ. ಎರಡು ಮೀಟರ್ ಅಗಲದ ಬಾವಿಯಲ್ಲಿ ಆರು ಮೀಟರ್ ನೀರಿದ್ದರೆ ಸುಮಾರು 18,800 ಲೀಟರ್, ಅಂದರೆ 47 ಗ್ರಾಂ ಪುಡಿ. ನೆರೆಯ ಕೆಂಪು ನೀರು ಇಳಿದ ಬಾವಿಗೆ ಹೆಚ್ಚು ಬೇಕು. ಎಷ್ಟು ಹೆಚ್ಚು ಎಂಬುದನ್ನು ಹಾರಾಕ್ಸ್ ಪರೀಕ್ಷೆ ಮಾಡಿಯೇ ನಿರ್ಧರಿಸಬೇಕು. ಒಂದು ಗಂಟೆ ಬಿಟ್ಟು ನೋಡಿದಾಗ ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಬೆಳಿಗ್ಗೆ ಪಂಚಾಯಿತಿಯವರು ಹಾಕಿದ ಬಾವಿಗೆ ಮಧ್ಯಾಹ್ನ ಇನ್ನೊಂದು ತಂಡ ಬಂದು ಅಂದಾಜಿನ ಮೇಲೆ ಹಿಡಿ ಪುಡಿ ಸುರಿದರೆ ನೀರು ಮೂಗಿಗೆ ಹಿಡಿಸುವುದಿಲ್ಲ. ಜನ ಬಾವಿ ಬಿಟ್ಟು ಅಬ್ಬಿ ನೀರು ಹಿಡಿಯುತ್ತಾರೆ, ವಾಂತಿಭೇದಿ ಅಲ್ಲಿಂದ ಬರುತ್ತದೆ. ಇಲಿ ಜ್ವರ ತಡೆಯಲು ಕೊಡುವ ಡಾಕ್ಸಿಸೈಕ್ಲಿನ್ ಕೂಡ ಹಾಗೆಯೇ. ಕೆಸರಿನಲ್ಲಿ ಕೆಲಸ ಮಾಡುವ ವಯಸ್ಕರಿಗೆ ವಾರಕ್ಕೊಮ್ಮೆ 200 ಮಿ.ಗ್ರಾಂ, ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಬೇಡ. ಎರಡು ತಂಡಗಳು ಹೆಸರು, ದಿನಾಂಕ ಬರೆದುಕೊಳ್ಳದೆ ಹಂಚಿದರೆ ಒಬ್ಬರಿಗೆ ವಾರಕ್ಕೆರಡು ಸಲ, ಇನ್ನೊಬ್ಬರಿಗೆ ಒಮ್ಮೆಯೂ ಇಲ್ಲ.

‘ಎಷ್ಟು ಜನರಿಗೆ’ ಎಂಬ ಕಂಬಸಾಲನ್ನು ನಂಬಲೇಬೇಡಿ. 300 ಜನರಿರುವ ಕೇಂದ್ರಕ್ಕೆ ಎರಡು ಸಂಸ್ಥೆಗಳು ಹೋದರೆ ಹಾಳೆಯಲ್ಲಿ 600 ಆಗುತ್ತದೆ. ಅದರ ಬದಲು ದಿನಕ್ಕೆ ಎಷ್ಟು ಹೊಸ ರೋಗಿಗಳು, ಎಷ್ಟು ವೈದ್ಯರು ಎಂದು ಕೇಳಿ. ಒಬ್ಬ ವೈದ್ಯರು ದಿನಕ್ಕೆ 50ಕ್ಕಿಂತ ಹೆಚ್ಚು ರೋಗಿಗಳನ್ನು ನೋಡುವಂತಾಗಬಾರದು ಎಂಬುದು ಪರಿಹಾರ ಕಾರ್ಯದ ಸ್ಫಿಯರ್ ಮಾನದಂಡ. ‘ಒಂದೇ ದಿನ 200 ಜನರ ತಪಾಸಣೆ’ ಎಂದು ಬ್ಯಾನರ್ ಹಿಡಿದ ಫೋಟೋ ಬಂದರೆ ಲೆಕ್ಕ ಹಾಕಿ: ಎಂಟು ಗಂಟೆಗೆ 480 ನಿಮಿಷ, ವೈದ್ಯರು ಒಬ್ಬರೇ ಆದರೆ ತಲೆಗೆ ಎರಡೂವರೆ ನಿಮಿಷವೂ ಇಲ್ಲ.

‘ಯಾವಾಗ’ ಎಂಬಲ್ಲಿ ಆಗುವ ತಪ್ಪು ಒಂದೇ, ಆದರೆ ಎಲ್ಲ ಕಡೆ ಆಗುತ್ತದೆ. ಶುರುವಾದ ದಿನ ಬರೆಯುತ್ತಾರೆ, ಹೊರಟ ದಿನ ಬರೆಯುವುದಿಲ್ಲ. ಹೋದ ತಂಡ ಹಾಳೆಯಲ್ಲಿ ವಾರಗಟ್ಟಲೆ ಬದುಕಿರುತ್ತದೆ, ಅದನ್ನು ನಂಬಿ ಬೇರೆಯವರು ಆ ಕಡೆ ತಲೆ ಹಾಕುವುದಿಲ್ಲ. 48 ಗಂಟೆ ಸುದ್ದಿ ಇಲ್ಲದ ಸಾಲು ತಾನಾಗಿ ಹಳದಿಯಾಗುವಂತೆ, 72 ಗಂಟೆಗೆ ಲೆಕ್ಕದಿಂದ ಹೊರಬೀಳುವಂತೆ ಎಕ್ಸೆಲ್‌ನಲ್ಲೇ ಹೊಂದಿಸಬಹುದು. ‘ಮಾಡಲಿದ್ದೇವೆ’ ಎಂಬ ಸಾಲುಗಳನ್ನು ಬೇರೆ ಪುಟಕ್ಕೆ ಹಾಕಿ. ಒಂದೇ ಪುಟದಲ್ಲಿದ್ದರೆ ಸಂಜೆಯ ಹೊತ್ತಿಗೆ ಆಸೆಯೂ ಕೆಲಸವೂ ಬೆರೆತುಹೋಗುತ್ತವೆ.

ಇಷ್ಟಾದರೂ ಹಾಳೆ ತಾನಾಗಿ ತುಂಬಿಕೊಳ್ಳುವುದಿಲ್ಲ. ಎಲ್ಲರಿಗೂ ಲಿಂಕ್ ಕೊಟ್ಟು ‘ತುಂಬಿ’ ಎಂದರೆ ಮೊದಲ ದಿನ ಹತ್ತು ಜನ ತುಂಬುತ್ತಾರೆ, ಮೂರನೆಯ ದಿನ ಒಬ್ಬರೂ ಇಲ್ಲ, ಜೊತೆಗೆ ಯಾರೋ ಒಬ್ಬರು ಅರ್ಧ ಪಟ್ಟಿ ಅಳಿಸಿರುತ್ತಾರೆ. ತಿದ್ದುವ ಅಧಿಕಾರ ಒಬ್ಬರಿಗೆ ಮಾತ್ರ ಇರಲಿ, ಅವರ ಕೆಲಸ ಫೋನ್ ಮಾಡುವುದು. ಸಾಲಿಗೆ ಮೂರು ನಿಮಿಷವೆಂದರೂ 30 ಸಾಲಿಗೆ ಒಂದೂವರೆ ಗಂಟೆ. ಮಧ್ಯಾಹ್ನ ಮೂರಕ್ಕೆ ಕೂತರೆ ಐದರ ಸಭೆಗೆ ಹಾಳೆ ಸಿದ್ಧ. ಸಭೆ 20 ನಿಮಿಷ ಸಾಕು, ಹಸಿರು ಸಾಲುಗಳ ಬಗ್ಗೆ ಮಾತೇ ಬೇಡ, ಖಾಲಿ ಮತ್ತು ಹಳದಿ ಮಾತ್ರ. ಕರೆಂಟು, ನೆಟ್‌ವರ್ಕು ಎರಡೂ ಹೋಗುವುದು ಮಲೆನಾಡಿನಲ್ಲಿ ವಿಶೇಷವೇನಲ್ಲ. ಎ3 ಅಳತೆಯಲ್ಲಿ ಅಚ್ಚು ಹಾಕಿ ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ಅಂಟಿಸಿ. ಸಿಗ್ನಲ್ ಸಿಗದ ಮಜರೆಯ ಸುದ್ದಿ ಆಶಾ ಕಾರ್ಯಕರ್ತೆಯ ಚೀಟಿಯಲ್ಲಿ ಹಾಲಿನ ವಾಹನದ ಜೊತೆ ಬಂದರೂ ಅದು ಸುದ್ದಿಯೇ.

ದಾನದ ಔಷಧಕ್ಕೆ ಬೇರೆ ಪುಟ ಇರಲಿ. ಕೈಗೆ ಬಂದ ದಿನದಿಂದ ಕನಿಷ್ಠ ಒಂದು ವರ್ಷದ ಅವಧಿ ಇರಬೇಕು, ಜೆನೆರಿಕ್ ಹೆಸರು ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಅರ್ಧ ಖಾಲಿಯಾದ ಸ್ಟ್ರಿಪ್‌ಗಳ ಚೀಲ ಬಂದರೆ ನಯವಾಗಿ ವಾಪಸ್ ಕಳಿಸಿ.

ಇದೇ ಸಾಲಿನ ಬೇರೆ ಸಾಧನಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ಹೆರಾಮ್ಸ್ ಎಂಬುದು ಒಂದೊಂದು ಆಸ್ಪತ್ರೆಯನ್ನೂ ಪರೀಕ್ಷಿಸಿ, ಕೆಲಸ ನಿಂತಿದ್ದರೆ ಸಿಬ್ಬಂದಿ ಇಲ್ಲದ್ದಕ್ಕೋ, ಔಷಧಿ ಇಲ್ಲದ್ದಕ್ಕೋ, ಉಪಕರಣ ಇಲ್ಲದ್ದಕ್ಕೋ ಎಂದು ಕಾರಣ ಕೇಳುತ್ತದೆ. ಆ ಕಾರಣದ ಕಂಬಸಾಲನ್ನು ಕದ್ದು ನಮ್ಮ ಹಾಳೆಗೆ ಹಾಕಿಕೊಳ್ಳುವುದು ಜಾಣತನ. ರೋಗ ಹಬ್ಬುವ ಮೊದಲೇ ಎಚ್ಚರಿಸಲು ಅದೇ ಸಂಸ್ಥೆ ಮಾಡಿದ ಈವಾರ್ಸ್ ಪೆಟ್ಟಿಗೆಯಲ್ಲಿ 60 ಮೊಬೈಲ್, ಲ್ಯಾಪ್‌ಟಾಪ್, ಸೌರ ಚಾರ್ಜರ್ ಎಲ್ಲ ಇರುತ್ತವೆ, 50 ಕ್ಲಿನಿಕ್‌ಗಳ ರೋಗ ವರದಿಗೆ ಸಾಕು, ಬೆಲೆ ಸುಮಾರು 15,000 ಡಾಲರ್. ವ್ಯವಸ್ಥೆಯೇ ಇಲ್ಲದ ದೇಶಕ್ಕೆ ಅದು ಸರಿ. ನಮ್ಮಲ್ಲಿ ಸರ್ಕಾರದ ರೋಗ ವರದಿ ಜಾಲತಾಣವಾದ ಐಎಚ್‌ಐಪಿಗೆ ವರದಿ ಹೋಗುವ ದಾರಿ ಈಗಾಗಲೇ ಇದೆ, ಹೊರಗಿನಿಂದ ಬಂದ ತಂಡಗಳೂ ಅದೇ ನಮೂನೆ ತುಂಬುವಂತೆ ಮಾಡಿದರೆ ಆಯಿತು.

ಇನ್ನು ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ರೋಗಕ್ಕೆ ಫೋರ್ ಡಬ್ಲ್ಯೂ ಯಾಕೆ ಒಗ್ಗುವುದಿಲ್ಲ ಎಂದರೆ, ನೆರೆಯಲ್ಲಿ ಕೆಲಸಗಳು ಅಕ್ಕಪಕ್ಕ ನಡೆಯುತ್ತವೆ, ಇಲ್ಲಿ ಒಂದರ ಹಿಂದೆ ಒಂದು. ಸತ್ತ ಮಂಗವನ್ನು ಊರವರೋ ಅರಣ್ಯ ಇಲಾಖೆಯವರೋ ಕಾಣಬೇಕು, ಪಶುವೈದ್ಯರು ಬರಬೇಕು, ರೋಗ ಹರಡುವ ಉಣ್ಣೆಹುಳದ ಮತ್ತು ರೋಗಿಯ ಮಾದರಿ ತಣ್ಣಗೆ ಪ್ರಯೋಗಾಲಯ ಮುಟ್ಟಬೇಕು, ಫಲಿತಾಂಶ ತಿರುಗಿ ಆಶಾ ಕಾರ್ಯಕರ್ತೆಗೆ ಬರಬೇಕು, ಆಮೇಲೆ ಉಣ್ಣೆ ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಹಂಚಬೇಕು. ಒಂದು ಕೊಂಡಿ ನಿಂತರೆ ಎಲ್ಲ ನಿಂತಂತೆ. ಹಾಳೆಯಲ್ಲಿ ಮಾತ್ರ ಐದು ಸಾಲೂ ಹಸಿರಾಗಿಯೇ ಕಾಣುತ್ತವೆ. ಇದಕ್ಕೆ ಬೇಕಾದದ್ದು ಒಂದು ಮಾದರಿಗೆ ಒಂದು ಸಾಲು, ಪ್ರತಿ ಕೈ ಬದಲಾದ ಗಂಟೆ ಬರೆಯುವ ರಿಜಿಸ್ಟರು.

ನೆರೆಯ ಹಾಳೆಯನ್ನು ಕಾಳಜಿ ಕೇಂದ್ರ ಮುಚ್ಚಿದ ದಿನವೇ ಮುಚ್ಚಬಾರದು. ಇಲಿ ಜ್ವರ ಸೋಂಕು ತಗುಲಿದ 2ರಿಂದ 30 ದಿನದೊಳಗೆ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು. ಜನ ಮನೆಗೆ ಹಿಂದಿರುಗಿ ಕೆಸರು ಬಾಚುವುದೂ ಆ ದಿನಗಳಲ್ಲೇ. ಕೊನೆಯ ಕೇಂದ್ರ ಖಾಲಿಯಾದ ಮೇಲೆ ಇನ್ನೂ 30 ದಿನ ಸಾಲುಗಳು ತೆರೆದಿರಲಿ, ಫೋನ್ ದಿನ ಬಿಟ್ಟು ದಿನ ಮಾಡಿದರೆ ಸಾಕು.