ಘಟ್ಟ ಹತ್ತಿ ಬಂದ ಮೌಲ್ಯಮಾಪನ ಕಿಟ್: ಅಂಕದ ಕಡತ ಹೇಗಿದೆ, ಮನನ ಪುಸ್ತಕ ಹೇಗಿದೆ

ಕ್ಯಾಥೊಲಿಕ್ ವಿಶ್ವವಿದ್ಯಾಲಯವೊಂದರ ಪದ್ಧತಿಯನ್ನು ಆಧರಿಸಿದ ಈ ಮೌಲ್ಯಮಾಪನ ಕಿಟ್ ಶಿವಮೊಗ್ಗದ ಪದವಿ ತರಗತಿಗಳಿಗೂ ಬಂದಿದೆ. ಅದರಲ್ಲಿರುವುದು ನಾಲ್ಕು: ಸಿಒ–ಪಿಒ (ಒಂದು ವಿಷಯದ ಕಲಿಕಾಫಲ ಸಿಒ, ಇಡೀ ಪದವಿಯ ಕಲಿಕಾಫಲ ಪಿಒ) ಲೆಕ್ಕದ ಎಕ್ಸೆಲ್ ಕಡತ, ಯಾವ ಕೆಲಸಕ್ಕೆ ಯಾವ ಹಂತ ಎಂದು ಹೇಳುವ ರೂಬ್ರಿಕ್ ಹಾಳೆಗಳು, ಸೇವಾ ಗಂಟೆಗಳ ದಾಖಲೆ, ವಿದ್ಯಾರ್ಥಿಯೇ ಬರೆಯುವ ಮನನ ಪುಸ್ತಕ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ಪರಿಶೀಲನೆ ಇದೆ ಎಂದಾಗ ಎಲ್ಲರೂ ಎಕ್ಸೆಲ್ ಕಡತವನ್ನಷ್ಟೇ ತೆರೆಯುತ್ತಾರೆ, ಉಳಿದ ಮೂರು ಬೀರು ಸೇರುತ್ತವೆ. ಆದರೆ ಕೊಟ್ಟ ದುಡ್ಡಿಗೆ ಬೆಲೆ ಇರುವುದು ಮನನ ಪುಸ್ತಕದಲ್ಲಿ.

ಮೊದಲು ಎಕ್ಸೆಲ್ ಕಡತ. ಪ್ರತಿ ವಿಷಯಕ್ಕೆ ನಾಲ್ಕರಿಂದ ಆರು ಕಲಿಕಾಫಲ, ಪ್ರತಿ ಪ್ರಶ್ನೆಗೂ ಅದು ಯಾವ ಸಿಒ ಎಂಬ ಗುರುತು. ಈ ಗುರುತನ್ನು ಪ್ರಶ್ನೆಪತ್ರಿಕೆ ತಯಾರಿಸುವಾಗಲೇ ಹಾಕಬೇಕು. ಮೌಲ್ಯಮಾಪನ ಮುಗಿದ ಮೇಲೆ ಹಾಕಿದರೆ ಅಂಕ ಚೆನ್ನಾಗಿ ಬಂದ ಪ್ರಶ್ನೆಗಳೆಲ್ಲ ಬೇಕಾದ ಸಿಒ ಅಡಿಗೆ ಹೋಗಿ ಕೂರುತ್ತವೆ. ಕಡತದ ಮಿತಿ ಹೀಗಿದೆ: ಪ್ರಶ್ನೆಯ ಅಂಕದಲ್ಲಿ ಶೇ 60 ಅಥವಾ ಹೆಚ್ಚು ಪಡೆದವರು ತರಗತಿಯ ಶೇ 50 ಇದ್ದರೆ ಸಾಧನೆಯ ಹಂತ 1, ಶೇ 60 ಇದ್ದರೆ 2, ಶೇ 70 ಇದ್ದರೆ 3.

ಕಡತ ಎಡವುವುದು ಆಯ್ಕೆ ಪ್ರಶ್ನೆಗಳಲ್ಲಿ. 50 ಮಂದಿಯ ತರಗತಿಯಲ್ಲಿ 10 ಅಂಕದ ಒಂದು ಆಯ್ಕೆ ಪ್ರಶ್ನೆಯನ್ನು 28 ಮಂದಿ ಬರೆದು, 21 ಮಂದಿ 6 ಅಥವಾ ಹೆಚ್ಚು ಪಡೆದರು ಎನ್ನೋಣ. ಬರೆದವರ ಲೆಕ್ಕದಲ್ಲಿ ಅದು ಶೇ 75, ಅಂದರೆ ಹಂತ 3. ಇಡೀ ತರಗತಿಯ ಲೆಕ್ಕದಲ್ಲಿ ಶೇ 42, ಹಂತ 1 ಕೂಡ ಇಲ್ಲ. ಪ್ರಶ್ನೆ ಒಂದೇ, ಫಲಿತಾಂಶ ಎರಡು ತುದಿ. ಪ್ರಶ್ನೆ ಬಿಟ್ಟವರ ಕೋಶದಲ್ಲಿ ಸೊನ್ನೆ ತುಂಬಿದರೆ ಎರಡನೆಯದು ಬರುತ್ತದೆ, ಖಾಲಿ ಬಿಟ್ಟರೆ ಮೊದಲನೆಯದು. ಏಕೆಂದರೆ ‘ಕೌಂಟ್’ ಸೂತ್ರ ಎಣಿಸುವುದು ಅಂಕಿ ಇರುವ ಕೋಶಗಳನ್ನು ಮಾತ್ರ. ಗೈರುಹಾಜರಿಗೂ ಇದೇ ಮಾತು. ಜುಲೈ ಮಳೆಯಲ್ಲಿ ದಾರಿಗೆ ಮರ ಬಿದ್ದು ಹೊಸನಗರದ ಕಡೆಯ ಬಸ್ಸು ಬರದ ದಿನ ಇಂಟರ್ನಲ್ಸ್ ತಪ್ಪಿದವರಿಗೆ ಸೊನ್ನೆ ಹಾಕಿದರೆ ಕಡತ ಅಳೆಯುವುದು ರಸ್ತೆಯನ್ನು, ಕಲಿಕೆಯನ್ನಲ್ಲ. ಗೈರಿಗೆ ‘ಎಬಿ’ ಎಂದು ಬರೆಯಿರಿ, ಬಿಟ್ಟ ಪ್ರಶ್ನೆಯನ್ನು ಖಾಲಿ ಬಿಡಿ, ಬರೆದವರ ಪ್ರಮಾಣಕ್ಕೆ ಪಕ್ಕದಲ್ಲೇ ಬೇರೆ ಕಾಲಂ ಇಡಿ. ಅರ್ಧ ತರಗತಿ ಒಂದು ಘಟಕವನ್ನೇ ಬಿಟ್ಟಿದ್ದರೆ ಅದೂ ಕಾಣಬೇಕು.

ಸಿಒ–ಪಿಒ ಕೋಷ್ಟಕದ ಬಗ್ಗೆ ಒಂದೇ ಮಾತು: ಆರು ಸಿಒ, ಹನ್ನೆರಡು ಪಿಒ ಇದ್ದರೆ 72 ಕೋಶ, ಎಲ್ಲಕ್ಕೂ ಗರಿಷ್ಠ ನಂಟಿನ 3 ತುಂಬಿದ ಕೋಷ್ಟಕ ಏನನ್ನೂ ಹೇಳುವುದಿಲ್ಲ. ಪ್ರಶ್ನೆಯೋ ಚಟುವಟಿಕೆಯೋ ಬೆನ್ನಿಗಿಲ್ಲದ ಕೋಶ ಖಾಲಿಯೇ ಇರಲಿ. ಎಷ್ಟು ಕಲಿತೆವು ಎಂದು ಮಕ್ಕಳೇ ಹೇಳುವ ಕೊನೆಯ ಸಮೀಕ್ಷೆಗೆ ಕೊಟ್ಟಿರುವ ಶೇ 20ರ ತೂಕವೂ ಜಾಸ್ತಿಯಾಯಿತು. ಪರೀಕ್ಷೆಯಲ್ಲಿ 1.8 ಬಂದು ಸಮೀಕ್ಷೆಯಲ್ಲಿ ಮಕ್ಕಳು 2.7 ಕೊಟ್ಟರೆ ಒಟ್ಟು 1.98 ಆಗುತ್ತದೆ. ವಿನಯದಿಂದ ಕೊಟ್ಟ ಅಂಕ ಕಲಿಕೆಯ ಲೆಕ್ಕಕ್ಕೆ ಸೇರಿಬಿಡುತ್ತದೆ.

ಇನ್ನು ಮನನ ಪುಸ್ತಕ. ಇದರ ಮೂಲ ಜೆಸ್ವಿಟರು 1993ರಲ್ಲಿ ಪ್ರಕಟಿಸಿದ ಬೋಧನಾ ಮಾದರಿ: ಸಂದರ್ಭ, ಅನುಭವ, ಮನನ, ಕ್ರಿಯೆ, ಮೌಲ್ಯಮಾಪನ. ಶ್ರವಣ, ಮನನ, ನಿದಿಧ್ಯಾಸನ ಎಂದು ಕೇಳಿ ಬೆಳೆದ ನಾಡಿಗೆ ಈ ಮಾದರಿಯ ಮೂರನೆಯ ಹೆಜ್ಜೆಯಾದ ಮನನ ಅಪರಿಚಿತವಲ್ಲ. ಮಾದರಿ ನಮಗೆ ಇಷ್ಟವಾಗುವುದು ಅದು ಮನನದಲ್ಲಿ ನಿಲ್ಲದೆ ಮುಂದೆ ಏನು ಮಾಡಿದಿರಿ ಎಂದು ಕೇಳುವುದರಿಂದ.

ಮಂಗನ ಕಾಯಿಲೆ ಜಾಗೃತಿಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆಯ ಬಗ್ಗೆ ಹಳ್ಳಿಗಳಲ್ಲಿ ತಿಳಿಸುವುದು ಇಲ್ಲಿನ ವಿದ್ಯಾರ್ಥಿಗಳಿಗೆ ಸಹಜವಾದ ಸೇವಾ ಕೆಲಸ. ಸೇವಾ ದಾಖಲೆ ‘6 ಗಂಟೆ’ ಎಂದು ಬರೆದು ಮುಗಿಸುತ್ತದೆ. ಮನನ ಪುಸ್ತಕದಲ್ಲಿ ‘ಕರಪತ್ರ ಹಂಚಿದೆವು, ಜನ ಸಹಕರಿಸಿದರು’ ಎಂದಷ್ಟೇ ಇದ್ದರೆ ಅದು ರೂಬ್ರಿಕ್‌ನ ಮೊದಲ ಹಂತ. ‘ಕಾಡಿಗೆ ಹೋಗಬೇಡಿ ಎಂದೆವು, ದರಕು (ಒಣ ಎಲೆ) ತರದಿದ್ದರೆ ಕೊಟ್ಟಿಗೆಗೆ ಏನು ಹಾಸಲಿ ಎಂದು ಅಜ್ಜಿ ಕೇಳಿದರು’ ಎಂಬುದು ಮೂರನೆಯದು. ಮುಂದಿನ ಭೇಟಿಯಲ್ಲಿ ಸಲಹೆಯನ್ನೇ ಬದಲಿಸಿ, ಹೋಗುವ ಮೊದಲು ಈ ಕಾಯಿಲೆ ಹರಡುವ ಉಣುಗನ್ನು ದೂರವಿಡುವ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಮೈ ತೊಳೆಯಿರಿ ಎಂದು ಹೇಳಿದ್ದು ದಾಖಲಾದರೆ ನಾಲ್ಕನೆಯದು. ಆದರೆ ಕಿಟ್‌ನ ಮುದ್ರಿತ ರೂಬ್ರಿಕ್‌ನಲ್ಲಿ ‘ಉತ್ತಮ’, ‘ತೃಪ್ತಿಕರ’ ಎಂಬ ಪದಗಳಷ್ಟೇ ಇವೆ, ಓದಿದವರು ತಮಗೆ ತೋಚಿದ ಹಂತ ಕೊಡುತ್ತಾರೆ. ಹೀಗೆ ಸ್ಥಳೀಯ ಉದಾಹರಣೆ ಬರೆದು ಅಂಟಿಸಿ. ಆಮೇಲೆ ಅದೇ 15 ಪುಸ್ತಕಗಳನ್ನು ಇಬ್ಬರು ಅಧ್ಯಾಪಕರು ಬೇರೆ ಬೇರೆಯಾಗಿ ನೋಡಲಿ. ಮೂರು ನಾಲ್ಕಕ್ಕಿಂತ ಹೆಚ್ಚು ಕಡೆ ಹಂತ ಬೇರೆಯಾದರೆ ರೂಬ್ರಿಕ್‌ನ ಮಾತನ್ನೇ ತಿದ್ದಬೇಕು.

ಪುಸ್ತಕ ಕನ್ನಡದಲ್ಲೇ ಇರಲಿ. ಇಂಗ್ಲಿಷಿನಲ್ಲಿ ಬರೆಸಿದರೆ ಎಲ್ಲರ ಮನನವೂ ಒಂದೇ ಅಚ್ಚಿನಲ್ಲಿ ಬರುತ್ತದೆ, ಆಗ ಓದುವವರು ಅಳೆಯುವುದು ಭಾಷೆಯನ್ನು.

ಕ್ರೈಸ್ತರಲ್ಲದ ಮಕ್ಕಳ ಪೋಷಕರಿಗೆ ಒಂದು ಅನುಮಾನ ಇದ್ದೇ ಇರುತ್ತದೆ: ಧರ್ಮದ ಮೇಲೂ ಅಂಕವೇ? ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳ ಕುರಿತು ಎರಡನೇ ಜಾನ್ ಪಾಲ್ 1990ರಲ್ಲಿ ಹೊರಡಿಸಿದ ದಾಖಲೆಯೇ ಪ್ರತಿಯೊಬ್ಬರ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಪೂರ್ತಿ ಗೌರವಿಸಬೇಕು ಎನ್ನುತ್ತದೆ. ಹಾಗಿರುವಾಗ ಕಿಟ್‌ನಲ್ಲಿ ‘ಸಹಾನುಭೂತಿ: 5 ಅಂಕ’ ಎಂಬ ಸಾಲು ಇರಲೇಬಾರದಿತ್ತು. ಅಂಕಕ್ಕಾಗಿ ಮಕ್ಕಳು ಕಣ್ಣೀರನ್ನೂ ಬರೆಯುತ್ತಾರೆ. ಆ ಸಾಲು ಹೊಡೆದುಹಾಕಿ. ಹಂತ ತಿಳಿಸಿ, ಅಂಕಪಟ್ಟಿಗೆ ಸೇರಿಸಬೇಡಿ. ಬೆಳವಣಿಗೆ ನೋಡಬೇಕೆಂದರೆ ಮೊದಲ ಬರಹ, ಕೊನೆಯ ಬರಹ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಕಿಟ್ ಕೊಳ್ಳುವ ಮೊದಲು ಮನನ ಪುಸ್ತಕ ಓದಿ ಟಿಪ್ಪಣಿ ಬರೆಯುವ ಮೆಂಟರ್‌ಗಳ ಸಮಯದ ಲೆಕ್ಕ ಹಾಕಿ. ಸೆಮಿಸ್ಟರ್‌ಗೆ ಆರು ಬರಹ, ಒಂದಕ್ಕೆ ಐದು ನಿಮಿಷ ಎಂದರೆ 20 ವಿದ್ಯಾರ್ಥಿಗಳಿಗೆ 10 ಗಂಟೆ, 60 ಮಂದಿಗೆ 30 ಗಂಟೆ. ಬರೆದದ್ದು ವಾರದೊಳಗೆ ಟಿಪ್ಪಣಿಯೊಂದಿಗೆ ವಾಪಸ್ ಬರದಿದ್ದರೆ ಮೂರನೇ ಬರಹದ ಹೊತ್ತಿಗೆ ಮಕ್ಕಳು ಪಕ್ಕದವರದ್ದನ್ನು ನಕಲು ಮಾಡತೊಡಗುತ್ತಾರೆ. ಅಷ್ಟು ಸಮಯ ಕೊಡಲಾಗದ ಕಾಲೇಜು ಈ ವರ್ಷ ಒಂದೇ ತರಗತಿಗೆ ಶುರುಮಾಡಲಿ.