ತಕ್ಸಾಂಗೋ ಫುಕ್ತಾಲೋ: ಎರಡೂ ಕಡೆ ನಡೆದು ಬಂದ ಮೇಲೆ

ಬಂಡೆಗೆ ಅಂಟಿಕೊಂಡ ಬೌದ್ಧ ಮಠವೊಂದನ್ನು ನಡೆದೇ ಹೋಗಿ ನೋಡಬೇಕು ಅನ್ನುವವರು ಹೆಚ್ಚಾಗಿ ಕೇಳುವುದು ಎರಡು ಹೆಸರು. ಒಂದು ಭೂತಾನದ ಪಾರೋ ಕಣಿವೆಯ ತಕ್ಸಾಂಗ್, ಇನ್ನೊಂದು ಲಡಾಖಿನ ಝಂಸ್ಕಾರ್ ಪ್ರದೇಶದ ಫುಕ್ತಾಲ್. ಬರೀ ಫೋಟೊ ನೋಡಿದರೆ ಒಂದಕ್ಕೆ ಹೋದವರು ಇನ್ನೊಂದಕ್ಕೆ ಯಾಕೆ ಹೋಗಬೇಕು ಅನ್ನಿಸಬಹುದು. ತಕ್ಸಾಂಗಿಗೆ ನಾನು ಹೋದದ್ದು ಅಮ್ಮನ ಜೊತೆ, ಫುಕ್ತಾಲ್‌ಗೆ ತಮ್ಮನ ಜೊತೆ. ಎರಡನ್ನೂ ಕಂಡ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಇವು ಒಂದಕ್ಕೊಂದು ಬದಲಿಯಲ್ಲ. ತಕ್ಸಾಂಗ್ ಯಾತ್ರೆಯ ಸ್ಥಳ, ದರ್ಶನ ಮಾಡಿ ಹಿಂತಿರುಗುವ ಜಾಗ. ಫುಕ್ತಾಲ್‌ನಲ್ಲಿ ಒಂದು ಮಠದ ದಿನಚರಿ ನಡೆಯುತ್ತಿರುತ್ತದೆ, ಹೋದವರು ಅದರೊಳಗೆ ಸ್ವಲ್ಪ ಹೊತ್ತು ಇದ್ದು ಬರುತ್ತಾರೆ. ನಿಮಗೆ ಬೇಕಾದ್ದು ಯಾವುದು ಅನ್ನುವುದರ ಮೇಲೆ ಉಳಿದ ಲೆಕ್ಕವೆಲ್ಲ ನಿಂತಿದೆ.

ಮೊದಲು ತಕ್ಸಾಂಗ್. ಗಾಡಿ ನಿಲ್ಲಿಸುವ ಜಾಗ ಸುಮಾರು 2,600 ಮೀಟರ್ ಎತ್ತರದಲ್ಲಿದೆ, ಮಠ 3,120 ಮೀಟರಿನಲ್ಲಿ. ಅಂದರೆ ಏರಬೇಕಾದ್ದು ಐನೂರು ಮೀಟರಿನಷ್ಟು, ಹೋಗಿಬರುವ ದಾರಿ ಆರೇಳು ಕಿಲೋಮೀಟರ್. ಕೇಳಲು ಸುಲಭ. ಹೊರಡುವ ಮೊದಲು ನಾವಿಬ್ಬರೂ ಭಾನುವಾರಗಳಂದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿದ್ದೆವು. ಚಾಮುಂಡಿಯ ಸಾವಿರ ಮೆಟ್ಟಿಲನ್ನು ನಿಲ್ಲದೆ ಹತ್ತುವವರಿಗೂ ಇಲ್ಲಿ ಮೊದಲ ಅರ್ಧ ಗಂಟೆಯಲ್ಲೇ ಏದುಸಿರು ಬರುತ್ತದೆ. ಕಾಲು ಸೋಲುವುದಿಲ್ಲ, ಗಾಳಿ ಸಾಲುವುದಿಲ್ಲ. ಪಾರೋದಲ್ಲಿ ಅಥವಾ ಥಿಂಫುವಿನಲ್ಲಿ ಎರಡು ದಿನ ಕಳೆದು, ಪ್ರವಾಸದ ಕೊನೆಗೆ ಈ ಬೆಟ್ಟ ಇಟ್ಟುಕೊಂಡರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ದಾರಿ ಅಗಲವಾಗಿದೆ, ಕೆಂಪು ಮಣ್ಣಿನದು. ಎರಡೂ ಬದಿ ಪೈನ್ ಮತ್ತು ಓಕ್ ಮರಗಳು. ಮೇಲೆ ಹೋದಂತೆ ಕೊಂಬೆಗಳಿಂದ ಮುದುಕರ ಗಡ್ಡದ ಹಾಗೆ ಇಳಿಬಿದ್ದ ಕಲ್ಲುಹೂವು. ತೊರೆಯ ನೀರಿಗೇ ತಿರುಗುವ ಪ್ರಾರ್ಥನಾ ಚಕ್ರಗಳಿವೆ. ಅರ್ಧ ದಾರಿಯಲ್ಲಿ ಒಂದು ಕೆಫೆಟೇರಿಯಾ ಇದೆ, ಚಹಾ, ಊಟ, ಶೌಚಾಲಯ ಎಲ್ಲ ಸಿಗುತ್ತದೆ. ಅಲ್ಲಿಯವರೆಗೆ ಕುದುರೆ ಹತ್ತಿಯೂ ಹೋಗಬಹುದು. ಅಮ್ಮ ಕುದುರೆಯಲ್ಲಿ ಹೋದರು, ನಾನು ನಡೆದೆ. ನನ್ನ ಅಭಿಪ್ರಾಯ ಕೇಳಿದರೆ, ಅರವತ್ತು ದಾಟಿದವರು ಕುದುರೆ ಹತ್ತುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ನಿಜವಾದ ಕಷ್ಟ ಇರುವುದು ಕುದುರೆ ಹೋಗದ ಭಾಗದಲ್ಲಿ. ಶಕ್ತಿಯನ್ನು ಅಲ್ಲಿಗೆ ಉಳಿಸಿಕೊಳ್ಳುವುದೇ ಬುದ್ಧಿವಂತಿಕೆ. ಆದರೆ ಇಳಿಯುವಾಗ ಕುದುರೆ ಇಲ್ಲ, ಎಲ್ಲರೂ ನಡೆದೇ ಇಳಿಯಬೇಕು. ಮಂಡಿನೋವಿದ್ದವರು ಕೆಳಗೆ ಬಾಡಿಗೆಗೆ ಸಿಗುವ ಕೋಲನ್ನು ತಪ್ಪದೆ ತೆಗೆದುಕೊಳ್ಳಲಿ.

ಕೆಫೆಟೇರಿಯಾ ದಾಟಿ ಇನ್ನಷ್ಟು ಹತ್ತಿದರೆ ಎಲ್ಲರೂ ಫೋಟೊ ತೆಗೆಯುವ ಆ ತಿರುವು ಬರುತ್ತದೆ. ಕಮರಿಯ ಆಚೆ, ನೀವು ನಿಂತ ಮಟ್ಟದಲ್ಲೇ, ಕಪ್ಪು ಬಂಡೆಯ ಮೇಲೆ ಬಿಳಿ ಗೋಡೆ, ಚಿನ್ನದ ಬಣ್ಣದ ಮಾಡು. ಕೈಚಾಚಿದರೆ ಸಿಗುವಷ್ಟು ಹತ್ತಿರ ಕಾಣುತ್ತದೆ. ಆದರೆ ನಡುವೆ ಇರುವ ಕಮರಿಗೆ ಮೆಟ್ಟಿಲಿಳಿದು, ಜಲಪಾತದ ಬುಡದ ಸೇತುವೆ ದಾಟಿ, ಮತ್ತೆ ಮೆಟ್ಟಿಲು ಹತ್ತಬೇಕು. ಒಟ್ಟು ಏಳೆಂಟು ನೂರು ಮೆಟ್ಟಿಲು. ಬರುವಾಗ ಅದೇ ಮೆಟ್ಟಿಲು ಮತ್ತೊಮ್ಮೆ, ಹಾಗಾಗಿ ತಕ್ಸಾಂಗಿನಲ್ಲಿ ವಾಪಸ್ ದಾರಿ ಅಂದರೆ ಬರೀ ಇಳಿಜಾರಲ್ಲ. ಸೇತುವೆಯ ಹತ್ತಿರ ನೀರಿನ ಹನಿ ಮುಖಕ್ಕೆ ಹೊಡೆಯುತ್ತದೆ, ತಲೆಯ ಮೇಲೆ ಐದು ಬಣ್ಣದ ಪ್ರಾರ್ಥನಾ ಪತಾಕೆಗಳು ಪಟಪಟ ಅನ್ನುತ್ತಿರುತ್ತವೆ. ಇಡೀ ನಡಿಗೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಅದು, ಮಠದ ಒಳಗಿಗಿಂತಲೂ.

ಒಳಗೆ ಹೋಗುವಾಗ ಫೋನ್, ಕ್ಯಾಮೆರಾ, ಚೀಲ ಎಲ್ಲವನ್ನೂ ಬಾಗಿಲಲ್ಲೇ ಲಾಕರಿನಲ್ಲಿ ಇಡಬೇಕು. ಮೈತುಂಬ ಬಟ್ಟೆ ಕಡ್ಡಾಯ. ಚಪ್ಪಲಿ ಬಿಟ್ಟು ತಣ್ಣಗಿನ ಹಲಗೆ ನೆಲದ ಮೇಲೆ ಗುಡಿಯಿಂದ ಗುಡಿಗೆ ಹೋಗುತ್ತೀರಿ. ಎಂಟನೇ ಶತಮಾನದಲ್ಲಿ ಗುರು ಪದ್ಮಸಂಭವರು ಹೆಣ್ಣು ಹುಲಿಯ ಬೆನ್ನೇರಿ ಹಾರಿ ಬಂದು ಇಲ್ಲಿನ ಗುಹೆಯಲ್ಲಿ ತಪಸ್ಸು ಮಾಡಿದರು ಎಂಬುದು ನಂಬಿಕೆ. ಆ ಗುಹೆಯ ಬಾಗಿಲು ಸಾಮಾನ್ಯ ದಿನಗಳಲ್ಲಿ ಮುಚ್ಚಿರುತ್ತದೆ. ಕಟ್ಟಡವನ್ನು ಮೊದಲು ಕಟ್ಟಿಸಿದ್ದು 1692ರಲ್ಲಿ ಆಗಿನ ಭೂತಾನದ ಆಡಳಿತಗಾರ ಗ್ಯಾಲ್ಸೆ ತೆಂಜಿನ್ ರಬ್ಗ್ಯೆ. 1998ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದು ಮುಖ್ಯ ಕಟ್ಟಡ ಸುಟ್ಟುಹೋಯಿತು. ಹಳೆಯ ಮಾದರಿಯಲ್ಲೇ ಮತ್ತೆ ಕಟ್ಟಿ 2005ಕ್ಕೆ ಮುಗಿಸಿದರು. ಗಾಡಿ ಹೋಗದ ಆ ಬಂಡೆಗೆ ಮರ, ಕಲ್ಲು ಸಾಗಿಸಿ ಒಂದು ದೇಶ ತನ್ನ ಪುಣ್ಯಸ್ಥಳವನ್ನು ಏಳೇ ವರ್ಷದಲ್ಲಿ ಮರಳಿ ನಿಲ್ಲಿಸಿತಲ್ಲ, ಅದನ್ನು ನೆನೆದಾಗ ಆ ಗೋಡೆಗಳ ಮೇಲೆ ಗೌರವ ಇನ್ನೂ ಹೆಚ್ಚುತ್ತದೆ.

ಅಮ್ಮನಿಗೆ ಪದ್ಮಸಂಭವರು ಹೊಸಬರಲ್ಲ. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠದಲ್ಲಿ ಬುದ್ಧನ ಪಕ್ಕ ಕೂತ ಆ ದೊಡ್ಡ ಚಿನ್ನದ ವಿಗ್ರಹವನ್ನು ಮಡಿಕೇರಿಗೆ ಹೋಗುವಾಗಲೆಲ್ಲ ಇಳಿದು ನೋಡಿಯೇ ಹೋಗುತ್ತಿದ್ದವರು ಅವರು. ಇಲ್ಲಿ ಭಿಕ್ಷು ಅಂಗೈಗೆ ತೀರ್ಥ ಹಾಕಿದಾಗ, ಹೇಗೆ ತೆಗೆದುಕೊಳ್ಳಬೇಕೆಂದು ಗೈಡ್ ಹೇಳುವ ಮೊದಲೇ ಕುಡಿದು ಉಳಿದದ್ದನ್ನು ನೆತ್ತಿಗೆ ಸವರಿಕೊಂಡರು. ಬೈಲಕುಪ್ಪೆಯಲ್ಲೂ ಕ್ರಮ ಅದೇ. ಗೈಡ್ ನಕ್ಕು, "ಅಮ್ಮನಿಗೆ ನಾನು ಹೇಳಿಕೊಡುವುದೇನೂ ಇಲ್ಲ" ಅಂದ.

ಇಷ್ಟೆಲ್ಲ ಚೆನ್ನಾಗಿದ್ದರೂ ಒಂದು ಮಾತು ಹೇಳಬೇಕು. ಒಳಗೆ ನಿಮಗೆ ಸಿಗುವ ಹೊತ್ತು ಕಡಿಮೆ. ಹಿಂದೆ ಇನ್ನೊಂದು ಗುಂಪು ಕಾಯುತ್ತಿರುತ್ತದೆ, ಗೈಡ್ ಕಥೆ ಹೇಳಿ ಮುಂದಿನ ಕೋಣೆಗೆ ಕರೆಯುತ್ತಾನೆ. ಒಂದು ಮೂಲೆಯಲ್ಲಿ ಕೂತು ಬೆಣ್ಣೆದೀಪ ನೋಡುತ್ತಿರೋಣ ಅನ್ನುವುದಕ್ಕೆ ಬೆಳಗಿನ ಮೊದಲ ಗುಂಪಿನಲ್ಲೇ ಹೋಗಿರಬೇಕು. ಕೆಳಗಿನಿಂದ ಏಳೂವರೆ, ಎಂಟಕ್ಕೆ ಹೊರಟವರಿಗೂ ಹತ್ತಕ್ಕೆ ಹೊರಟವರಿಗೂ ಸಿಗುವ ತಕ್ಸಾಂಗ್ ಬೇರೆ ಬೇರೆ.

ಫುಕ್ತಾಲ್ ವಿಷಯ ಬೇರೆ. ಅಲ್ಲಿ ನಡಿಗೆಗಿಂತ ದೊಡ್ಡದು ನಡಿಗೆಯ ಶುರುವಿಗೆ ತಲುಪುವುದು. ನಾವು ಮನಾಲಿಯಿಂದ ಅಟಲ್ ಸುರಂಗ ದಾಟಿ, ಲಾಹೌಲ್‌ನಲ್ಲಿ ಉಳಿದು ಮೈ ಒಗ್ಗಿಸಿಕೊಂಡು, ದಾರ್ಚಾದಿಂದ ಶಿಂಕು ಲಾ ಕಣಿವೆಮಾರ್ಗ ಹತ್ತಿ ಝಂಸ್ಕಾರಿಗೆ ಇಳಿದೆವು. ಶಿಂಕು ಲಾ ಎತ್ತರ 5,000 ಮೀಟರಿಗಿಂತ ಹೆಚ್ಚು. ಅಲ್ಲಿ ಗಾಡಿಯಿಂದ ಇಳಿದು ಹತ್ತು ಹೆಜ್ಜೆ ಹಾಕಿದರೆ ಎದೆ ಡವಡವ ಅನ್ನುತ್ತದೆ. ಆಚೆ ಇಳಿದರೆ ಒಂಟಿಯಾಗಿ ಎದ್ದು ನಿಂತ ಗೊಂಬೊ ರಂಜೋನ್ ಎಂಬ ಪವಿತ್ರ ಬಂಡೆಬೆಟ್ಟ, ಮತ್ತೆ ಕರ್ಗ್ಯಾಕ್ ಹಳ್ಳಿ, ಕೊನೆಗೆ ಎರಡು ನದಿ ಕೂಡುವ ಪುರ್ನೆ. ಎರಡು ರಾತ್ರಿಯಾದರೂ 3,000 ಮೀಟರಿನ ಮೇಲೆ ಮಲಗಿ ಎದ್ದಿರದೆ ಈ ಕಡೆ ಬರಬೇಡಿ. ತಕ್ಸಾಂಗಿನಲ್ಲಿ ತಲೆನೋವು ಬಂದರೆ ಮಧ್ಯಾಹ್ನದೊಳಗೆ ಪಾರೋದ ಹೋಟೆಲ್ ಮಂಚದ ಮೇಲಿರುತ್ತೀರಿ. ಇಲ್ಲಿ ತಗ್ಗಿನ ಜಾಗಕ್ಕೆ ಹಾಗೆ ಬೇಗ ಇಳಿಯಲಾಗುವುದಿಲ್ಲ, ಬಂದ ದಾರಿಯಲ್ಲೇ ಹಿಂತಿರುಗಬೇಕೆಂದರೆ ಮೊದಲು ಶಿಂಕು ಲಾವನ್ನೇ ಮತ್ತೆ ಹತ್ತಬೇಕು.

ಪುರ್ನೆಯಿಂದ ಮಠಕ್ಕೆ ತ್ಸರಪ್ ನದಿಯ ದಂಡೆಯಲ್ಲಿ ಎರಡು-ಮೂರು ಗಂಟೆಯ ನಡಿಗೆ. ಏರು ಹೆಚ್ಚಿಲ್ಲ. ಆದರೆ ಮರ ಅನ್ನುವುದೇ ಇಲ್ಲ, ನೆರಳಿಲ್ಲ, ದಾರಿ ಒಂದಾಳು ಅಗಲ. ಒಂದು ಕಡೆ ಜಾರುವ ಜಲ್ಲಿಯ ಇಳಿಜಾರು, ಇನ್ನೊಂದು ಕಡೆ ಕೆಳಗೆ ಹಸಿರು ನೀಲಿ ನೀರು. ಮಧ್ಯಾಹ್ನ ಗಾಳಿ ಎದ್ದರೆ ಮೇಲಿನಿಂದ ಸಣ್ಣ ಕಲ್ಲು ಉರುಳುತ್ತವೆ, ಹಾಗಾಗಿ ಬೆಳಿಗ್ಗೆಯೇ ನಡೆಯುವುದು ಒಳ್ಳೆಯದು. ಎತ್ತರ ಕಂಡರೆ ತಲೆ ತಿರುಗುವವರಿಗೆ ತಕ್ಸಾಂಗಿನ ಮೆಟ್ಟಿಲಿಗಿಂತ ಈ ಸಪಾಟು ದಾರಿಯೇ ಕಷ್ಟ. ಅಲ್ಲಿ ಕಂಬಿ ಇದೆ, ಇಲ್ಲಿ ಇಲ್ಲ. ಈ ನದಿಯನ್ನೂ ಹಗುರವಾಗಿ ನೋಡುವಂತಿಲ್ಲ. ಮೇಲ್ಭಾಗದಲ್ಲಿ ಗುಡ್ಡ ಕುಸಿದು ತಡೆಹಿಡಿದಿದ್ದ ನೀರು 2015ರ ಮೇ ತಿಂಗಳಲ್ಲಿ ಒಡೆದು ಬಂದು ಕಣಿವೆಯ ಸೇತುವೆಗಳನ್ನು ಕೊಚ್ಚಿಕೊಂಡು ಹೋಗಿತ್ತು.

ತಕ್ಸಾಂಗ್ ದಾರಿಯುದ್ದಕ್ಕೂ ಆಗಾಗ ಕಾಣಿಸಿಕೊಳ್ಳುತ್ತದೆ. ಫುಕ್ತಾಲ್ ಕೊನೆಯವರೆಗೂ ಕಾಣುವುದಿಲ್ಲ. ಒಂದು ತಿರುವು ದಾಟಿದ್ದೇ ತಡ, ಬೆಟ್ಟದ ಎದೆಯಲ್ಲಿ ದೊಡ್ಡ ಗುಹೆಯ ಬಾಯಿ, ಅದರೊಳಗಿನಿಂದ ಹೊರಚೆಲ್ಲಿ ಕೆಳಗಿಳಿದಂತೆ ಒಂದರ ಕೆಳಗೊಂದು ಮಣ್ಣಿನ ಕೋಣೆಗಳು. ತಮ್ಮ ಮಾತಾಡುತ್ತಿದ್ದವನು ಅಲ್ಲೇ ನಿಲ್ಲಿಸಿದ. ಗುಹೆಯೊಳಗೆ ನೀರಿನ ಒರತೆ ಇದೆ. ಇಷ್ಟು ಒಣ ನೆಲದಲ್ಲಿ ಮಠ ಇಲ್ಲಿಯೇ ಯಾಕೆ ಬೇರೂರಿತು ಅನ್ನುವುದು ಅದನ್ನು ನೋಡಿದ ಮೇಲೆ ಅರ್ಥವಾಗುತ್ತದೆ. ಎತ್ತರ ಸುಮಾರು 3,850 ಮೀಟರ್. ಟಿಬೆಟನ್ ಬೌದ್ಧರ ಗೆಲುಗ್ ಪರಂಪರೆಯನ್ನು ಶುರುಮಾಡಿದ ತ್ಸೋಂಗ್‌ಖಾಪರ ಶಿಷ್ಯ ಜಂಗ್‌ಸೆಮ್ ಶೆರಾಪ್ ಝಾಂಗ್ಪೋ ಹದಿನೈದನೇ ಶತಮಾನದಲ್ಲಿ ಸ್ಥಾಪಿಸಿದ್ದು ಎಂದು ಮಠದ ಪರಂಪರೆ ಹೇಳುತ್ತದೆ. ಹಂಗೆರಿಯ ವಿದ್ವಾಂಸ ಅಲೆಕ್ಸಾಂಡರ್ ಚೋಮ 1825-26ರ ಸುಮಾರಿಗೆ ಇಲ್ಲಿದ್ದು ಟಿಬೆಟನ್ ಕಲಿತ. 1834ರಲ್ಲಿ ಕಲ್ಕತ್ತೆಯಿಂದ ಹೊರಬಂದ ಅವನ ಟಿಬೆಟನ್-ಇಂಗ್ಲಿಷ್ ನಿಘಂಟಿನ ಹಿಂದೆ ಈ ಚಳಿಯ ಕೋಣೆಗಳಿವೆ. ಅವನ ನೆನಪಿನ ಕಲ್ಲು ಈಗಲೂ ಇದೆ. ಕಿಟೆಲ್ ಅವರ ಕೋಶ ತಿರುವಿ ಹಾಕಿ ಬೆಳೆದ ನನ್ನಂಥವರಿಗೆ ಆ ಕಲ್ಲಿನ ಮುಂದೆ ಸುಮ್ಮನೆ ದಾಟಿ ಹೋಗಲು ಆಗಲಿಲ್ಲ.

ಮಠದವರೇ ನಡೆಸುವ ಅತಿಥಿಗೃಹದಲ್ಲಿ ಉಳಿದೆವು. ದಪ್ಪ ಕಂಬಳಿ, ಥುಕ್ಪಾ ಎಂಬ ನೂಡಲ್ಸ್ ಸೂಪು, ಉಪ್ಪು ಬೆರೆಸಿದ ಬೆಣ್ಣೆ ಚಹಾ. ಶೌಚಾಲಯ ಆ ಸೀಮೆಯ ಒಣ ಗುಂಡಿಯದು, ನೀರು ಹಾಕುವಂತಿಲ್ಲ. ಬೆಳಗಿನ ಪೂಜೆಗೆ ಬಂದು ಕೂರಬಹುದು ಅಂದರು. ನಡುಪ್ರಾಯದ ಭಿಕ್ಷುಗಳ ಪಕ್ಕ ಏಳೆಂಟು ವರ್ಷದ ಹುಡುಗರು ತೂಕಡಿಸುತ್ತ ಮಂತ್ರ ಹೇಳುತ್ತಿದ್ದರು. ಮಧ್ಯೆ ಒಬ್ಬ ಹುಡುಗ ಕೆಟಲ್ ಹಿಡಿದು ಎಲ್ಲರ ಬಟ್ಟಲಿಗೂ ಚಹಾ ಹಾಕುತ್ತ ಬಂದವನು ನಮಗೂ ಹಾಕಿದ. ಎಬ್ಬಿಸಿ ಕಳಿಸುವವರು ಯಾರೂ ಇರಲಿಲ್ಲ.

ಪೂಜೆ ಮುಗಿದ ಮೇಲೆ ಹಿರಿಯ ಭಿಕ್ಷುವೊಬ್ಬರು ನಾವಿಬ್ಬರೂ ಮಾತಾಡುವುದನ್ನು ಕೇಳಿಸಿಕೊಂಡು ಹತ್ತಿರ ಬಂದರು. "ಎಲ್ಲಿಂದ ಬಂದೀರಿ? ಚಾ ಕುಡದ್ರಿಲ್ಲೋ?" ಅಂತ ಅಚ್ಚ ಉತ್ತರ ಕರ್ನಾಟಕದ ಕನ್ನಡ. ಮುಂಡಗೋಡಿನ ಡ್ರೆಪುಂಗ್ ಮಠದಲ್ಲಿ ವರ್ಷಗಟ್ಟಲೆ ಓದಿದವರಂತೆ. ಫುಕ್ತಾಲ್ ಗೆಲುಗ್ ಪರಂಪರೆಯ ಮಠ. ಆ ಪರಂಪರೆಯ ದೊಡ್ಡ ವಿದ್ಯಾಪೀಠಗಳಾದ ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡಿನಲ್ಲಿ, ಸೆರಾ ಬೈಲಕುಪ್ಪೆಯಲ್ಲಿ ನೆಲೆಸಿರುವುದರಿಂದ ಲಡಾಖ್, ಝಂಸ್ಕಾರಿನ ಹುಡುಗರು ಓದಲು ನಮ್ಮ ಕಡೆಗೇ ಬರುತ್ತಾರೆ. "ಅಲ್ಲಿ ಸೆಕಿ, ಇಲ್ಲಿ ಥಂಡಿ. ಎರಡೂ ರೂಢಿ ಆಗೇತಿ" ಅಂದರು. ಹುಬ್ಬಳ್ಳಿ ಬಸ್ಸು, ಮಾರುಕಟ್ಟೆಯ ತರಕಾರಿ ದರದವರೆಗೆ ವಿಚಾರಿಸಿದರು. ತಮ್ಮನ ಹತ್ತಿರ ಉಳಿದಿದ್ದ ಶೇಂಗಾ ಚಟ್ನಿಪುಡಿ ಪೂರ್ತಿ ಅವರಿಗೇ ಹೋಯಿತು.

ಇನ್ನು ಖರ್ಚು, ಕಾಲ. ಭೂತಾನಕ್ಕೆ ಭಾರತೀಯರು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ತೋರಿಸಿ ಹೋಗಬಹುದು. ಆದರೆ ರಾತ್ರಿಗೆ ತಲಾ 1,200 ರೂಪಾಯಿ ಸರ್ಕಾರಿ ಶುಲ್ಕ, ಜೊತೆಗೆ ಗೈಡ್, ಮಠದ ಪ್ರವೇಶದ ಟಿಕೆಟ್ ಬೇರೆ. ಫುಕ್ತಾಲ್‌ನಲ್ಲಿ ಉಳಿಯುವುದು, ಉಣ್ಣುವುದು ಅಗ್ಗ. ಹಣ ಹೋಗುವುದು ಮನಾಲಿಯಿಂದ ಮಾಡಿಕೊಂಡ ಗಾಡಿಗೆ, ಅದನ್ನು ನಾಲ್ವರು ಹಂಚಿಕೊಂಡರೆ ಭಾರವಾಗುವುದಿಲ್ಲ. ತಕ್ಸಾಂಗಿಗೆ ಮಾರ್ಚ್‌ನಿಂದ ಮೇ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳ್ಳೆಯದು, ಮಳೆಗಾಲದಲ್ಲಿ ಮಂಜು ಮುಚ್ಚಿ ಬಂಡೆಯೇ ಕಾಣದಿರಬಹುದು. ಫುಕ್ತಾಲ್‌ಗೆ ಜುಲೈನಿಂದ ಸೆಪ್ಟೆಂಬರ್. ನಮ್ಮಲ್ಲಿ ಮಳೆ ಸುರಿಯುವಾಗ ಅಲ್ಲಿ ಬಿಸಿಲು. ಶಾಲೆಯ ಬೇಸಿಗೆ ರಜೆಯಲ್ಲೇ ಹೋಗಬೇಕಾದವರಿಗೆ ಹಾಗಾಗಿ ತಕ್ಸಾಂಗ್ ಒಂದೇ ಉಳಿಯುತ್ತದೆ.

ಅಪ್ಪ-ಅಮ್ಮನ ಜೊತೆ, ಅಥವಾ ಜೀವನದಲ್ಲಿ ಮೊದಲ ಬಾರಿ ಇಂಥ ಎತ್ತರಕ್ಕೆ ಹೋಗುವವರಾದರೆ ತಕ್ಸಾಂಗ್ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ದಣಿವಿಗೆ ತಕ್ಕ ನೋಟ, ದಾರಿಯಲ್ಲಿ ಆಸರೆ, ಸಂಜೆಗೆ ಬೆಚ್ಚಗಿನ ಕೋಣೆ. ನನಗೆ ಮತ್ತೊಮ್ಮೆ ಹೋಗುವ ಅವಕಾಶ ಒಂದೇ ಸಿಕ್ಕರೆ ಫುಕ್ತಾಲ್‌ಗೇ ಹೋಗುತ್ತೇನೆ. ಬಂಡೆಯ ಮೇಲಿನ ಕಟ್ಟಡ ನೋಡುವ ಆಸೆಯಿಂದ ಹೋದವಳಿಗೆ ಅಲ್ಲಿನ ಬೆಳಗಿನ ಒಂದು ಗಂಟೆ ಅದಕ್ಕಿಂತ ದೊಡ್ಡದಾಗಿ ಕಂಡಿತು. ಗಾಡಿ ರಸ್ತೆ ಈಗಾಗಲೇ ಹತ್ತಿರದ ಹಳ್ಳಿಗಳವರೆಗೆ ಬಂದಿರುವುದರಿಂದ ಬೆಳಿಗ್ಗೆ ಹೋಗಿ ಸಂಜೆಗೆ ಝಂಸ್ಕಾರಿನ ಮುಖ್ಯ ಊರಾದ ಪದುಮ್‌ಗೆ ವಾಪಸಾಗುವವರೂ ಇದ್ದಾರೆ. ಹಾಗೆ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಮಠದ ಕೆಳಗೆ ಒಂದು ರಾತ್ರಿ ಉಳಿಯಿರಿ, ಪೂಜೆಗೆ ಕೂರಿ. ಆ ಒಂದು ರಾತ್ರಿಗೆ ರಜೆ ಸಾಲದಿದ್ದರೆ ಈ ವರ್ಷ ಬಿಟ್ಟು ಮುಂದಿನ ವರ್ಷ ಹೋಗಿ.