ಟೆರಾಫಾರ್ಮ್ ವೇರಿಯಬಲ್: ತುಮಕೂರಿನ ಮನೆಯಿಂದ ಬಳಸಿ ನೋಡಿದ್ದು

ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಗೆಳೆಯನಿಗೆ ಬಿಲ್ಲಿಂಗ್ ಆ್ಯಪ್ ಮಾಡಿಕೊಟ್ಟಿದ್ದೇನೆ. ಎಡಬ್ಲ್ಯೂಎಸ್ (ಅಮೆಜಾನ್‌ನ ಬಾಡಿಗೆ ಕ್ಲೌಡ್) ಮುಂಬೈ ರೀಜನ್‌ನಲ್ಲಿ ಒಂದು ಸರ್ವರ್, ಅದರ ಮೇಲೆ ಎರಡು ಡಾಕರ್ ಕಂಟೇನರ್, ಅಂದರೆ ಆ್ಯಪ್ ಓಡುವ ಪ್ರತ್ಯೇಕ ಡಬ್ಬಿಗಳು. ಅಷ್ಟೇ. ಆದರೆ ಟೆಸ್ಟಿಂಗ್‌ಗೂ ಇಂಥದ್ದೇ ಒಂದು ಬೇಕಲ್ವಾ? ಕೈಯಲ್ಲಿ ಕ್ಲಿಕ್ ಮಾಡುತ್ತಾ ಕೂತರೆ ಒಂದರಲ್ಲಿ ಪೋರ್ಟ್ ಮರೆತಿರುತ್ತದೆ, ಇನ್ನೊಂದರಲ್ಲಿ ಟ್ಯಾಗ್ (ಸರ್ವರ್‌ಗೆ ಅಂಟಿಸುವ ಗುರುತಿನ ಚೀಟಿ). ಅದಕ್ಕೇ ಟೆರಾಫಾರ್ಮ್ ಹಿಡಿದೆ. ಏನೇನು ಬೇಕು ಅಂತ ಕೋಡ್‌ನಲ್ಲಿ ಬರೆದರೆ ಸರ್ವರ್ ಎಲ್ಲ ತಾನೇ ಕಟ್ಟಿಕೊಡುವ ಟೂಲ್ ಅದು.

ಇಷ್ಟವಾಗಿದ್ದು ವೇರಿಯಬಲ್, ಅಂದರೆ ಕೋಡ್‌ನ ಹೊರಗಿನಿಂದ ಬೆಲೆ ತುಂಬುವ ಖಾಲಿ ಜಾಗ. ಸರ್ವರ್ ಸೈಜು, ಕಂಟೇನರ್ ಮೆಮೊರಿ, ಲೇಬಲ್, ಪೋರ್ಟ್ ಎಲ್ಲ ಒಂದು ಟಿಎಫ್‌ವಾರ್ಸ್ ಫೈಲಿನಲ್ಲಿ (ವೇರಿಯಬಲ್‌ಗಳ ಬೆಲೆ ಇಡುವ ಫೈಲ್) ಬರೆದಿಟ್ಟರೆ ಕೋಡ್ ಮುಟ್ಟುವ ಕೆಲಸವೇ ಇಲ್ಲ. ಹರಾಜಿನ ದಿನ ಲೋಡ್ ಜಾಸ್ತಿ ಅಂತ ಗೆಳೆಯನ ಸರ್ವರ್‌ಗೆ ಟಿ3 ಲಾರ್ಜ್ ಅನ್ನುವ ದೊಡ್ಡ ಸೈಜು ಹಾಕಿದ್ದೆ.

ಎಡವಿದ್ದೂ ಅಲ್ಲೇ, ತಪ್ಪು ಪೂರ್ತಿ ನನ್ನದು. ಆ ಫೋಲ್ಡರನ್ನೇ ಟೆಸ್ಟಿಂಗ್‌ಗೆ ಕಾಪಿ ಮಾಡಿ, ಸೈಜನ್ನು ಮಾತ್ರ ಟಿ3 ಮೈಕ್ರೋ (ಚಿಕ್ಕ ಸೈಜು) ಅಂತ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ, ಅಂದರೆ ಕಂಪ್ಯೂಟರ್‌ನ ಸೆಟ್ಟಿಂಗ್‌ನಲ್ಲಿ, ಕೊಟ್ಟೆ, ಏನೇನು ಬದಲಾಗಲಿದೆ ಅಂತ ಟೆರಾಫಾರ್ಮ್ ತೋರಿಸುವ ಪ್ಲಾನ್ ಓದದೆ ಆಟೋ ಅಪ್ರೂವ್ (ಕೇಳದೇ ಒಪ್ಪಿಗೆ) ಹಾಕಿ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋದೆ. ತಿಂಗಳ ಬಿಲ್ ಬಂದಾಗಲೇ ಗೊತ್ತಾಗಿದ್ದು, ಅಷ್ಟು ದಿನವೂ ಓಡಿದ್ದು ಲಾರ್ಜ್! ಬೇರೆ ಎಷ್ಟೋ ಟೂಲ್‌ಗಳಲ್ಲಿ ಎನ್ವಿರಾನ್ಮೆಂಟಿನದೇ ಮೇಲುಗೈ, ಇಲ್ಲಿ ಉಲ್ಟಾ. ಕೋಡ್‌ನಲ್ಲೇ ಬರೆದ ಡೀಫಾಲ್ಟ್‌ಗಿಂತ ಎನ್ವಿರಾನ್ಮೆಂಟ್ ದೊಡ್ಡದು, ಅದಕ್ಕಿಂತ ಟಿಎಫ್‌ವಾರ್ಸ್ ಫೈಲ್, ಎಲ್ಲಕ್ಕಿಂತ ಮೇಲೆ ಕಮಾಂಡ್ ಲೈನಿನಲ್ಲಿ ಕೊಟ್ಟದ್ದು. ಇನ್ನೊಂದು, ಎನ್ವಿರಾನ್ಮೆಂಟಿನಲ್ಲಿ ಹೆಸರಿನ ಒಂದಕ್ಷರ ತಪ್ಪಿದರೂ ಟೆರಾಫಾರ್ಮ್ ಸುಮ್ನೆ ಇರುತ್ತದೆ, ಎರರ್ ಇಲ್ಲ, ವಾರ್ನಿಂಗೂ ಇಲ್ಲ. ಟಿಎಫ್‌ವಾರ್ಸ್ ಫೈಲಿನಲ್ಲಿ ತಪ್ಪಿದರೆ ವಾರ್ನಿಂಗ್ ಆದರೂ ಕೊಡುತ್ತದೆ.

ಈಗ ಪ್ರತಿ ವೇರಿಯಬಲ್‌ಗೂ ವ್ಯಾಲಿಡೇಶನ್ ಬ್ಲಾಕ್ (ಕೊಟ್ಟ ಬೆಲೆ ಸರಿಯಾ ಅಂತ ನೋಡುವ ತುಣುಕು) ಬರೆಯುತ್ತೇನೆ. ಟೆಸ್ಟಿಂಗ್‌ನಲ್ಲಿ ಮೈಕ್ರೋ ಅಥವಾ ಸ್ಮಾಲ್ ಬಿಟ್ಟು ಬೇರೆ ಏನು ಕೊಟ್ಟರೂ ಪ್ಲಾನ್ ಹಂತದಲ್ಲೇ ನಿಲ್ಲುತ್ತದೆ, ಮೆಸೇಜನ್ನೂ ನಾವೇ ಬರೆಯಬಹುದು. ನಾನು ಬರೆದಿರುವುದು "ಬಿಲ್ ನೆನಪಿದೆಯಾ?" ಅಂತ.

ಕಂಟೇನರ್ ವಿಷಯ ಬೇರೆ ಥರ. ಸರ್ವರ್‌ನ ಟ್ಯಾಗ್ ಬದಲಿಸಿದರೆ ಸರ್ವರ್‌ಗೆ ಏನೂ ಆಗುವುದಿಲ್ಲ. ಆದರೆ ಡಾಕರ್ ಪ್ರೊವೈಡರ್‌ನಲ್ಲಿ (ಟೆರಾಫಾರ್ಮನ್ನು ಡಾಕರ್‌ಗೆ ಜೋಡಿಸುವ ಪ್ಲಗಿನ್) ಕಂಟೇನರ್ ಒಳಗಿನ ಎನ್ವಿರಾನ್ಮೆಂಟ್ ವೇರಿಯಬಲ್ ಬದಲಿಸಿದರೆ ಹಳೆಯ ಕಂಟೇನರ್ ಅಳಿಸಿ ಹೊಸದನ್ನೇ ಕಟ್ಟುತ್ತದೆ. ಡೇಟಾ ವಾಲ್ಯೂಮ್‌ನಲ್ಲಿ (ಕಂಟೇನರ್ ಹೊರಗಿನ ಸಂಗ್ರಹ) ಇಲ್ಲದಿದ್ದರೆ ಹೋಯಿತು ಅಂತಲೇ ಲೆಕ್ಕ. ಪ್ಲಾನ್‌ನಲ್ಲಿ ಮೈನಸ್, ಪ್ಲಸ್ ಎರಡೂ ಚಿಹ್ನೆ ಒಟ್ಟಿಗೆ ಕಂಡರೆ ಕೈ ತಡೆಯಿರಿ.

ಪಾಸ್‌ವರ್ಡ್ ವೇರಿಯಬಲ್‌ಗೆ ಸೆನ್ಸಿಟಿವ್ ಅಂತ ಹಾಕಿದರೆ ಸ್ಕ್ರೀನಿನಲ್ಲಿ ಕಾಣುವುದಿಲ್ಲ ನಿಜ. ಆದರೆ ಕಟ್ಟಿದ್ದರ ಲೆಕ್ಕವನ್ನೆಲ್ಲ ಟೆರಾಫಾರ್ಮ್ ಬರೆದಿಡುವ ಸ್ಟೇಟ್ ಫೈಲ್ ತೆರೆದು ನೋಡಿ, ಅಲ್ಲಿ ಇದ್ದದ್ದು ಇದ್ದ ಹಾಗೇ ಕೂತಿರುತ್ತದೆ. ಆ ಫೈಲನ್ನು ಗಿಟ್‌ಗೆ (ಕೋಡ್ ಇಡುವ, ಹಂಚುವ ಜಾಗ) ಹಾಕಬೇಡಿ, ದಯವಿಟ್ಟು.

2023ರಲ್ಲಿ ಟೆರಾಫಾರ್ಮ್‌ನ ಲೈಸೆನ್ಸ್ ಬದಲಾಯಿತು, ಆಮೇಲೆ ಅದರಿಂದ ಓಪನ್‌ಟೋಫು ಅನ್ನುವ ಓಪನ್ ಸೋರ್ಸ್ ಟೂಲ್ ಕವಲೊಡೆಯಿತು. ನನ್ನಂಥ ಸಣ್ಣ ಬಳಕೆಗೆ ಅದರಿಂದ ವ್ಯತ್ಯಾಸ ಆಗಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಸ್ಟೇಟ್ ಫೈಲ್‌ಗೆ ಕಟ್.